ದೊಡ್ಡಕರುಳಿನ ಸಣ್ಣ ಪಾಲಿಪ್‌ಗಳು: ತೆಗೆಯುವ ವಿಧಾನಗಳ ತುಲನೆ

ದೊಡ್ಡಕರುಳಿನ ಒಳಪೊರೆಯಿಂದ ಟೊಳ್ಳಿನ ಕಡೆಗೆ ಉಬ್ಬಿ ಬೆಳೆಯುವ ಗಂಟಿಗೆ ಪಾಲಿಪ್ ಎನ್ನುತ್ತಾರೆ. ಅಗಲ 5 ಮಿ.ಮೀ. ಒಳಗಿದ್ದರೆ ಅದು ಅತಿಸಣ್ಣ ಪಾಲಿಪ್, 6ರಿಂದ 9 ಮಿ.ಮೀ. ಇದ್ದರೆ ಸಣ್ಣ ಪಾಲಿಪ್, 10 ಮಿ.ಮೀ. ಮುಟ್ಟಿದರೆ ದೊಡ್ಡ ಪಾಲಿಪ್. ಜೋಳದ ಕಾಳಿನಿಂದ ಕಡಲೆ ಕಾಳಿನವರೆಗಿನ ಗಾತ್ರವೆಂದರೆ ಮೊದಲ ಎರಡು ಗುಂಪುಗಳ ಅಂದಾಜು ಸಿಗುತ್ತದೆ. ಗುದದ್ವಾರದಿಂದ ಬಾಗುವ ಕೊಳವೆ ತೂರಿಸಿ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಕಾಣುವ ಪಾಲಿಪ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಈ ಎರಡು ಗುಂಪಿಗೇ ಸೇರುತ್ತವೆ. ಇವನ್ನು ತೆಗೆಯಲು ಹೊಟ್ಟೆ ಕೊಯ್ಯಬೇಕಿಲ್ಲ. ಪರೀಕ್ಷೆಗೆಂದು ಒಳಗೆ ಹೋದ ಕೊಳವೆಯ ಮೂಲಕವೇ ಉಪಕರಣ ತೂರಿಸಿ, ಅದೇ ಹೊತ್ತಿನಲ್ಲಿ ಕತ್ತರಿಸಬಹುದು. ಅದಕ್ಕೆ ಮುಖ್ಯವಾಗಿ ನಾಲ್ಕು ವಿಧಾನಗಳು ಬಳಕೆಗೆ ಬಂದವು: ಶೀತ ಚಿಮುಟ, ಬಿಸಿ ಚಿಮುಟ, ಬಿಸಿ ಕುಣಿಕೆ ಮತ್ತು ಶೀತ ಕುಣಿಕೆ. ಈ ಲೇಖನ ಅವನ್ನು ಒಂದಕ್ಕೊಂದು ಹೋಲಿಸುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ರೋಗಿಗಳಿಗೆ ಯಾವುದು ಹೆಚ್ಚು ಹೊಂದುತ್ತದೆ ಎಂಬುದನ್ನೂ ನೋಡುತ್ತದೆ.

ಏಕೆ ತೆಗೆಯಬೇಕು

ಎಲ್ಲ ಪಾಲಿಪ್‌ಗಳೂ ಅಪಾಯಕಾರಿಯಲ್ಲ. ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳು ಬಹುತೇಕ ಗುದನಾಳ ಮತ್ತು ಅದರ ಮೇಲಿನ ಸಿಗ್ಮಾಯ್ಡ್ ಭಾಗದಲ್ಲಿ ಕಾಣುವ ನಿರುಪದ್ರವಿ ಬೆಳವಣಿಗೆಗಳು. ಕರುಳಿನ ಕ್ಷಯ, ಆಮಶಂಕೆ, ಕರುಳಿನ ಉರಿಯೂತದಂಥ ರೋಗಗಳ ನಂತರ ಉಳಿಯುವ ಉರಿಯೂತದ ಪಾಲಿಪ್‌ಗಳು ನಮ್ಮ ದೇಶದಲ್ಲಿ ಆಗಾಗ ಸಿಗುತ್ತವೆ. ಮಕ್ಕಳಲ್ಲಿ ನೋವಿಲ್ಲದೆ ಮಲದೊಂದಿಗೆ ರಕ್ತ ಬಂದರೆ ಅದಕ್ಕೆ ಸಾಮಾನ್ಯ ಕಾರಣ ಜುವೆನೈಲ್ ಪಾಲಿಪ್. ಅದು ಹೆಚ್ಚಾಗಿ ತೊಟ್ಟಿರುವ, ಒಂದು ಸೆಂ.ಮೀ. ಮೀರಿದ ಗಂಟು, ಸಾಮಾನ್ಯವಾಗಿ ಒಂಟಿಯಾಗಿಯೇ ಇರುತ್ತದೆ.

ಗಮನ ಕೊಡಬೇಕಾದವು ಎರಡು ಬಗೆ. ಮೊದಲನೆಯದು ಒಳಪೊರೆಯ ಗ್ರಂಥಿಕೋಶಗಳಿಂದ ಬೆಳೆಯುವ ಅಡಿನೋಮ, ಎರಡನೆಯದು ಚಪ್ಪಟೆಯಾಗಿ ಹರಡಿಕೊಳ್ಳುವ ಗರಗಸದಂಚಿನ ಸೆರೇಟೆಡ್ ಬೆಳವಣಿಗೆ. ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಅಡಿನೋಮದಿಂದ ಹುಟ್ಟುತ್ತವೆ. ಜೀವಕೋಶದಲ್ಲಿ ಒಂದಾದ ಮೇಲೊಂದು ಜೀನ್ ಕೆಡುತ್ತ ಹೋಗಿ ಪಾಲಿಪ್ ಕ್ಯಾನ್ಸರ್ ಆಗುವ ಬಗೆಯನ್ನು ಅಮೆರಿಕದ ಫಿಯರಾನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ವಿವರಿಸಿದರು. ಈ ಬದಲಾವಣೆಗೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ದೀರ್ಘ ಅವಧಿಯೇ ವೈದ್ಯರಿಗೆ ಸಿಗುವ ಅವಕಾಶ. 5 ಮಿ.ಮೀ. ಒಳಗಿನ ಪಾಲಿಪ್‌ನಲ್ಲಿ ಆಗಲೇ ಕ್ಯಾನ್ಸರ್ ಇರುವುದು ತೀರ ಅಪರೂಪ, ಸಾವಿರಕ್ಕೊಂದಕ್ಕೂ ಕಡಿಮೆ. ಅಂದರೆ ಸಣ್ಣದಿರುವಾಗಲೇ ತೆಗೆದರೆ ಬಹುಮಟ್ಟಿಗೆ ಕ್ಯಾನ್ಸರ್ ಹುಟ್ಟುವುದಕ್ಕೆ ಮೊದಲೇ ತೆಗೆದಂತೆ.

ಇದು ಬರೀ ತರ್ಕವಲ್ಲ. ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1993ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಅಡಿನೋಮಗಳನ್ನು ತೆಗೆಸಿಕೊಂಡವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇ. 76ರಿಂದ 90ರಷ್ಟು ಕಡಿಮೆಯಾಗಿತ್ತು. ಅದೇ ಗುಂಪನ್ನು ಮುಂದೆಯೂ ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಶೇ. 53ರಷ್ಟು ತಗ್ಗಿದ್ದು ಕಂಡಿತು. 2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬರುತ್ತದೆ. ಸುಮಾರು 9 ಲಕ್ಷ ಜನ ಸಾಯುತ್ತಾರೆ. ಭಾರತದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಆದರೆ ಜನಸಂಖ್ಯೆ ದೊಡ್ಡದಾದ್ದರಿಂದ ರೋಗಿಗಳ ಒಟ್ಟು ಸಂಖ್ಯೆ ಚಿಕ್ಕದಲ್ಲ, ಹೆಚ್ಚಿನವರು ಆಸ್ಪತ್ರೆಗೆ ಬರುವುದೂ ತಡವಾಗಿ.

ಇತಿಹಾಸ

1969ಕ್ಕೆ ಮೊದಲು ದೊಡ್ಡಕರುಳಿನ ಮೇಲ್ಭಾಗದ ಪಾಲಿಪ್ ತೆಗೆಯಬೇಕೆಂದರೆ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯೇ ದಾರಿಯಾಗಿತ್ತು. ಆ ವರ್ಷ ನ್ಯೂಯಾರ್ಕಿನ ಬೆತ್ ಇಸ್ರೇಲ್ ವೈದ್ಯಕೀಯ ಕೇಂದ್ರದಲ್ಲಿ ವಿಲಿಯಂ ವುಲ್ಫ್ ಮತ್ತು ಜಪಾನ್ ಮೂಲದ ಹಿರೋಮಿ ಶಿನ್ಯಾ, ಬಾಗುವ ಕೊಲೊನೋಸ್ಕೋಪಿನ ಮೂಲಕ ತಂತಿಯ ಕುಣಿಕೆ ಬಿಟ್ಟು, ಅದಕ್ಕೆ ವಿದ್ಯುತ್ ಹರಿಸಿ ಪಾಲಿಪ್ ಕತ್ತರಿಸಿದರು. ಈ ಅನುಭವವನ್ನು ಅವರು 1973ರಲ್ಲಿ ಪ್ರಕಟಿಸಿದ ಮೇಲೆ ಬಿಸಿ ಕುಣಿಕೆ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷ ಲಂಡನ್ನಿನ ಕ್ರಿಸ್ಟೋಫರ್ ವಿಲಿಯಮ್ಸ್ ಸಣ್ಣ ಪಾಲಿಪ್‌ಗಳಿಗಾಗಿ ಬಿಸಿ ಚಿಮುಟದ ಬಳಕೆಯನ್ನು ವಿವರಿಸಿದರು. 1992ರಲ್ಲಿ ಟಪ್ಪೆರೊ ಮತ್ತು ಸಂಗಡಿಗರು 5 ಮಿ.ಮೀ. ಒಳಗಿನ ಪಾಲಿಪ್‌ಗಳನ್ನು ವಿದ್ಯುತ್ ಇಲ್ಲದೆ ಬರಿಯ ಕುಣಿಕೆಯಿಂದ ಕತ್ತರಿಸಿ, ಅದು ಸುರಕ್ಷಿತವೆಂದು ತೋರಿಸಿದರು. ಹಾಗಿದ್ದರೂ ಬಿಸಿ ಇಲ್ಲದೆ ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ ಎಂಬ ಅಂಜಿಕೆ ವೈದ್ಯರ ಮನಸ್ಸಿನಿಂದ ಹೋಗಲು ಇನ್ನೂ ಎರಡು ದಶಕ ಬೇಕಾಯಿತು. 2017ರಲ್ಲಿ ಯುರೋಪಿನ ಎಂಡೋಸ್ಕೋಪಿ ಸಂಘವೂ 2020ರಲ್ಲಿ ಅಮೆರಿಕದ ತಜ್ಞ ಸಂಘಗಳ ಜಂಟಿ ಕಾರ್ಯಪಡೆಯೂ ಸಣ್ಣ ಪಾಲಿಪ್‌ಗಳಿಗೆ ಶೀತ ಕುಣಿಕೆಯನ್ನೇ ಮೊದಲ ಆಯ್ಕೆಯಾಗಿ ಹೇಳಿದವು. ಯುರೋಪಿನ ಸಂಘ 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಆ ಮಾತನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಕರುಳಿನ ಗೋಡೆ ಮತ್ತು ಪಾಲಿಪ್‌ನ ಆಕಾರ

ಕರುಳಿನ ಗೋಡೆಯಲ್ಲಿ ನಾಲ್ಕು ಪದರಗಳಿವೆ: ಒಳಪೊರೆ, ಅದರ ಕೆಳಗಿನ ಸಡಿಲ ಪದರ, ಸ್ನಾಯು ಪದರ, ಹೊರಪೊರೆ. ಪಾಲಿಪ್ ಹುಟ್ಟುವುದು ಒಳಪೊರೆಯಲ್ಲಿ. ರಕ್ತನಾಳಗಳಲ್ಲಿ ದಪ್ಪನೆಯವು ಇರುವುದು ಸಡಿಲ ಪದರದಲ್ಲಿ. ಒಳಪೊರೆಯಷ್ಟನ್ನೇ ಪೂರ್ತಿಯಾಗಿ ತೆಗೆದು, ಸಡಿಲ ಪದರದ ನಾಳಗಳನ್ನೂ ಸ್ನಾಯುವನ್ನೂ ಮುಟ್ಟದೆ ಬಿಡುವುದು ಒಳ್ಳೆಯ ವಿಧಾನದ ಲಕ್ಷಣ. ಬಲಭಾಗದ ಕರುಳಿನ ಗೋಡೆ, ಅದರಲ್ಲೂ ಸೀಕಮ್ ಎಂಬ ಆರಂಭದ ಚೀಲದ ಗೋಡೆ, ತೀರ ತೆಳು. ಅಲ್ಲಿ ಬಿಸಿ ತಾಗಿಸುವಾಗ ಎಚ್ಚರ ಹೆಚ್ಚು ಬೇಕು.

ಆಕಾರವನ್ನು 2002ರ ಪ್ಯಾರಿಸ್ ಕಾರ್ಯಾಗಾರದಲ್ಲಿ ರೂಪಿಸಿದ ವರ್ಗೀಕರಣದಂತೆ ಗುರುತಿಸುತ್ತಾರೆ. ತೊಟ್ಟಿರುವುದು, ತೊಟ್ಟಿಲ್ಲದೆ ಗೋಡೆಗೆ ಕೂತಿರುವುದು, ತುಸುವೇ ಉಬ್ಬಿರುವುದು, ಸಪಾಟಾಗಿರುವುದು, ನಡುವೆ ತಗ್ಗಿರುವುದು ಎಂಬ ಬಗೆಗಳಿವೆ. ತಗ್ಗಿರುವ ಪಾಲಿಪ್ ಸಣ್ಣದಾಗಿದ್ದರೂ ಅದರ ಬಗ್ಗೆ ಅನುಮಾನ ಹೆಚ್ಚು. ಮೇಲ್ಮೈಯ ರಕ್ತನಾಳಗಳ ಹೆಣಿಗೆಯನ್ನು ನೀಲಿ-ಹಸಿರು ಬೆಳಕಿನಲ್ಲಿ ನೋಡುವ ಎನ್‌ಬಿಐ ಸೌಲಭ್ಯವಿದ್ದರೆ, ಕತ್ತರಿಸುವ ಮೊದಲೇ ಅದು ಅಡಿನೋಮವೋ ಅಲ್ಲವೋ ಎಂದು ನುರಿತ ಕಣ್ಣು ಬಹುಮಟ್ಟಿಗೆ ಹೇಳಬಲ್ಲದು.

ಶೀತ ಚಿಮುಟ

ಇದು ಬಯಾಪ್ಸಿಗೆ ಬಳಸುವ ಚಿಮುಟವೇ. ಅದರ ಬಾಯಿಯಲ್ಲಿ ಪಾಲಿಪ್ ಹಿಡಿದು ಎಳೆದರೆ ಕಿತ್ತು ಬರುತ್ತದೆ. ಉಪಕರಣ ಎಲ್ಲ ಕಡೆಯೂ ಸಿಗುತ್ತದೆ, ಕಲಿಯುವುದು ಸುಲಭ, ತುಣುಕು ಕಳೆದುಹೋಗುವುದಿಲ್ಲ, ಕರುಳು ತೂತಾಗುವ ಭಯ ಇಲ್ಲವೆನ್ನಬಹುದು. ದೋಷ ಒಂದೇ, ಆದರೆ ಅದು ದೊಡ್ಡ ದೋಷ: ಪಾಲಿಪ್‌ನ ಅಂಶ ಹಿಂದೆ ಉಳಿಯುತ್ತದೆ. ಮೊದಲ ಹಿಡಿತಕ್ಕೆ ತುಸು ರಕ್ತ ಬಂದರೆ ಬುಡ ಮುಚ್ಚಿಹೋಗುತ್ತದೆ, ಉಳಿದದ್ದು ಕಾಣುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಮುಟದಿಂದ ಪೂರ್ತಿ ತೆಗೆದೆವೆಂದು ವೈದ್ಯರು ಭಾವಿಸಿದ ಜಾಗದ ಬುಡವನ್ನೇ ಮತ್ತೆ ಕತ್ತರಿಸಿ ಪರೀಕ್ಷಿಸಿದರು. ನಿಜವಾಗಿ ಪೂರ್ತಿ ಹೋಗಿದ್ದುದು ಶೇ. 39 ಪಾಲಿಪ್‌ಗಳು ಮಾತ್ರ. ಅಗಲ ಬಾಯಿಯ ದೊಡ್ಡ ಚಿಮುಟ ಬಳಸಿದರೆ ಫಲಿತಾಂಶ ಸುಧಾರಿಸುತ್ತದೆ. ಒಂದೇ ಹಿಡಿತಕ್ಕೆ ಬಾಯೊಳಗೆ ಸೇರುವ 1ರಿಂದ 3 ಮಿ.ಮೀ. ಪಾಲಿಪ್‌ಗೆ, ಕುಣಿಕೆ ಹಾಕಲು ಕಷ್ಟವಾದ ಜಾಗದಲ್ಲಿ, ಶೀತ ಚಿಮುಟಕ್ಕೆ ಇಂದಿಗೂ ಸ್ಥಾನವಿದೆ. ಅದಕ್ಕಿಂತ ದೊಡ್ಡದನ್ನು ತುಣುಕು ತುಣುಕಾಗಿ ಕೀಳುವ ಅಭ್ಯಾಸವನ್ನು ಬಿಡಬೇಕು.

ಬಿಸಿ ಚಿಮುಟ

ಚಿಮುಟದಿಂದ ಪಾಲಿಪ್ ಹಿಡಿದು, ಗುಡಾರದಂತೆ ಮೇಲೆತ್ತಿ, ವಿದ್ಯುತ್ ಹರಿಸುವುದು ಈ ವಿಧಾನ. ಬಾಯೊಳಗಿನ ತುಣುಕು ಪರೀಕ್ಷೆಗೆ ಉಳಿಯುತ್ತದೆ, ಬುಡದಲ್ಲಿ ಉಳಿದದ್ದು ಸುಟ್ಟುಹೋಗುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ಅನುಭವ ಬೇರೆಯದನ್ನೇ ಹೇಳಿತು. ಬುಡ ಪೂರ್ತಿ ಸುಡುವುದಿಲ್ಲ; ತುಣುಕು ಬೆಂದು ಪೆಥಾಲಜಿ ವೈದ್ಯರಿಗೆ ಓದಲು ಬಾರದಂತಾಗುತ್ತದೆ; ಬಿಸಿ ಎಷ್ಟು ಆಳಕ್ಕೆ ಇಳಿಯಿತೆಂದು ಮೇಲಿನಿಂದ ತಿಳಿಯುವುದಿಲ್ಲ. ಬಲಭಾಗದ ತೆಳು ಗೋಡೆಯಲ್ಲಿ ಅದು ಸ್ನಾಯುವನ್ನೂ ತಲುಪಬಹುದು. ಅಪೂರ್ಣತೆ ಮತ್ತು ಅಪಾಯ ಎರಡೂ ಕೂಡಿಬಂದ ವಿಧಾನವಾದ್ದರಿಂದ ಯುರೋಪ್ ಮತ್ತು ಅಮೆರಿಕದ ಮಾರ್ಗಸೂಚಿಗಳೆರಡೂ ಇದನ್ನು ಸಣ್ಣ ಪಾಲಿಪ್‌ಗಳಿಗೆ ಬಳಸಬಾರದೆಂದು ಹೇಳಿವೆ.

ಬಿಸಿ ಕುಣಿಕೆ

ಪಾಲಿಪ್‌ನ ಸುತ್ತ ಕುಣಿಕೆ ಬಿಗಿದು, ಗೋಡೆಯಿಂದ ತುಸು ಎತ್ತಿ, ವಿದ್ಯುತ್ ಹರಿಸಿ ಕತ್ತರಿಸುತ್ತಾರೆ. ಬಿಸಿ ರಕ್ತನಾಳಗಳನ್ನು ಅಲ್ಲೇ ಮುಚ್ಚುವುದರಿಂದ ಆ ಗಳಿಗೆಯಲ್ಲಿ ರಕ್ತ ಕಡಿಮೆ. ಅಂಚಿನಲ್ಲಿ ಉಳಿದ ಕೋಶಗಳೂ ಸುಡುತ್ತವೆ. ದಪ್ಪ ತೊಟ್ಟಿನ ಪಾಲಿಪ್‌ಗೆ, ತೊಟ್ಟೊಳಗೆ ದಪ್ಪ ನಾಳ ಇರುವುದರಿಂದ, ಇದೇ ಸರಿಯಾದ ವಿಧಾನ. 10 ಮಿ.ಮೀ. ಮೀರಿದ ಅನೇಕ ಅಡಿನೋಮಗಳಿಗೂ, ಕೆಳಗೆ ಸಲೈನ್ ಚುಚ್ಚಿ ಎತ್ತರಿಸಿಕೊಂಡು, ಬಿಸಿ ಕುಣಿಕೆಯನ್ನೇ ಬಳಸುತ್ತಾರೆ.

ಸಣ್ಣ ಪಾಲಿಪ್‌ಗಳಲ್ಲಿ ಇದರ ತೊಂದರೆ ಆಮೇಲೆ ಕಾಣಿಸಿಕೊಳ್ಳುತ್ತದೆ. ಸುಟ್ಟ ಜಾಗದಲ್ಲಿ ಹಕ್ಕಳೆ ಕಟ್ಟುತ್ತದೆ. ದಿನಗಳು ಕಳೆದಂತೆ ಅದು ಉದುರುತ್ತದೆ. ಬಿಸಿ ಸಡಿಲ ಪದರದ ಅಪಧಮನಿಯನ್ನು ಘಾಸಿಗೊಳಿಸಿದ್ದರೆ, ಹಕ್ಕಳೆ ಉದುರಿದಾಗ ಅದು ತೆರೆದುಕೊಂಡು ರಕ್ತ ಹರಿಯುತ್ತದೆ. ಈ ತಡವಾದ ರಕ್ತಸ್ರಾವ ಎರಡು ವಾರದೊಳಗೆ ಯಾವಾಗ ಬೇಕಾದರೂ ಬರಬಹುದು. ಬಿಸಿ ಗೋಡೆಯ ಆಳಕ್ಕೆ ಇಳಿದರೆ, ತೂತಾಗದಿದ್ದರೂ ಹೊಟ್ಟೆನೋವು ಮತ್ತು ಜ್ವರ ಬರುವ ಇನ್ನೊಂದು ತೊಡಕೂ ಉಂಟು. ಈ ತೊಡಕಿಗೆ ಮೂಲ ವಿದ್ಯುತ್ತಿನ ಬಿಸಿಯೇ.

ಶೀತ ಕುಣಿಕೆ

ಕುಣಿಕೆ ಅದೇ, ವಿದ್ಯುತ್ ಇಲ್ಲ. ಬರಿಯ ಬಿಗಿತದಿಂದಲೇ ಒಳಪೊರೆ ತುಂಡಾಗುತ್ತದೆ. ಇದಕ್ಕೆಂದೇ ಮಾಡಿದ ಕುಣಿಕೆಗಳ ತಂತಿ ಸುಮಾರು 0.3 ಮಿ.ಮೀ. ದಪ್ಪ, ಗಟ್ಟಿಯಾಗಿ, ಚೂಪಾಗಿ ಕತ್ತರಿಸುವಂತೆ ರೂಪಿಸಿರುತ್ತಾರೆ.

ಕೆಲಸ ನಡೆಯುವ ಕ್ರಮ ಹೀಗೆ. ವೈದ್ಯರು ಮೊದಲು ಕೊಳವೆಯನ್ನು ತಿರುಗಿಸಿ ಪಾಲಿಪ್ ಪರದೆಯ ಮೇಲೆ ಗಡಿಯಾರದ ಐದು-ಆರು ಗಂಟೆಯ ಜಾಗಕ್ಕೆ ಬರುವಂತೆ ಮಾಡುತ್ತಾರೆ, ಏಕೆಂದರೆ ಉಪಕರಣ ಹೊರಬರುವುದು ಅಲ್ಲಿಂದಲೇ. ಸಹಾಯಕರು ಕುಣಿಕೆ ಬಿಡಿಸುತ್ತಾರೆ. ಕುಣಿಕೆಯ ಹೊದಿಕೆಯ ತುದಿಯನ್ನು ಗೋಡೆಗೆ ಮೆಲ್ಲಗೆ ಒತ್ತಿ ಹಿಡಿದು, ಗಾಳಿಯನ್ನು ತುಸು ಹೀರಿ ಒಳಪೊರೆ ಸಡಿಲವಾಗುವಂತೆ ಮಾಡಿ, ನಿಧಾನ ಬಿಗಿಯುತ್ತಾರೆ. ಪಾಲಿಪ್‌ನ ಜೊತೆಗೆ ಸುತ್ತಲಿನ 1ರಿಂದ 2 ಮಿ.ಮೀ. ಆರೋಗ್ಯವಂತ ಒಳಪೊರೆಯೂ ಕುಣಿಕೆಯೊಳಗೆ ಸೇರಬೇಕು. ಈ ಅಂಚೇ ವಿಧಾನದ ಜೀವಾಳ. ಸುಡುವ ಬಿಸಿ ಇಲ್ಲದಿರುವುದರಿಂದ, ಕುಣಿಕೆಯ ಹೊರಗೆ ಉಳಿದದ್ದು ಉಳಿದೇ ಹೋಗುತ್ತದೆ. ಬಿಸಿ ಕುಣಿಕೆಯಲ್ಲಿ ಮಾಡುವಂತೆ ಮೇಲೆತ್ತಬಾರದು. ಗೋಡೆಯ ಮೇಲೇ ಇರಿಸಿ ಪೂರ್ತಿ ಮುಚ್ಚಿದರೆ ತುಂಡಾಗುತ್ತದೆ. ತುಂಡಾಗದೆ ಸಿಕ್ಕಿಕೊಂಡರೆ ಹಿಡಿತ ತುಸು ಸಡಿಲಿಸಿ, ಸೇರಿಕೊಂಡ ಹೆಚ್ಚಿನ ಅಂಗಾಂಶ ಜಾರಿಹೋಗಲು ಬಿಟ್ಟು, ಮತ್ತೆ ಮುಚ್ಚುತ್ತಾರೆ.

ಕತ್ತರಿಸಿದ ಕೂಡಲೆ ಜಾಗದಿಂದ ರಕ್ತ ಜಿನುಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಆ ಹೊತ್ತಿಗೆ ಗಾಯಕ್ಕೆ ನೀರು ಚಿಮ್ಮಿಸಿದರೆ ಎರಡು ಉಪಯೋಗ: ರಕ್ತ ತೊಳೆದು ಅಂಚು ಸ್ಪಷ್ಟವಾಗಿ ಕಾಣುತ್ತದೆ; ನೀರು ಸಡಿಲ ಪದರಕ್ಕೆ ಸೇರಿ ಉಬ್ಬಿ ಸಣ್ಣ ನಾಳಗಳನ್ನು ಒತ್ತಿ ಮುಚ್ಚುತ್ತದೆ. ಅಂಚಿನಲ್ಲಿ ಪಾಲಿಪ್‌ನ ಚೂರು ಕಂಡರೆ ಅಲ್ಲೇ ಇನ್ನೊಮ್ಮೆ ಕುಣಿಕೆ ಹಾಕುತ್ತಾರೆ. ಕ್ಲಿಪ್ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಪೂರ್ತಿ ತೆಗೆಯುವುದರಲ್ಲಿ ಯಾವುದು ಮೇಲು

ಕೊರಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ 5 ಮಿ.ಮೀ. ಒಳಗಿನ ಪಾಲಿಪ್‌ಗಳನ್ನು ಶೀತ ಕುಣಿಕೆ ಶೇ. 93.2ರಷ್ಟು ಪೂರ್ತಿಯಾಗಿ ತೆಗೆದರೆ, ಶೀತ ಚಿಮುಟ ಶೇ. 75.9ರಷ್ಟು ಮಾತ್ರ ತೆಗೆದಿತ್ತು. 3 ಮಿ.ಮೀ. ಒಳಗಿನವುಗಳಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ ಎಂದು ಈಚಿನ ಪ್ರಯೋಗಗಳು ತೋರಿಸಿವೆ. ಬಿಸಿ ಕುಣಿಕೆ ಮತ್ತು ಶೀತ ಕುಣಿಕೆಗಳ ನಡುವೆ ಈ ವಿಷಯದಲ್ಲಿ ಅಂತರವಿಲ್ಲ. ಜಪಾನಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2018ರಲ್ಲಿ ಪ್ರಕಟಿಸಿದ ಕ್ರೆಸೆಂಟ್ ಅಧ್ಯಯನದಲ್ಲಿ 4ರಿಂದ 9 ಮಿ.ಮೀ. ಪಾಲಿಪ್‌ಗಳು ಪೂರ್ತಿ ಹೋದ ಪ್ರಮಾಣ ಶೀತ ಕುಣಿಕೆಯಲ್ಲಿ ಶೇ. 98.2, ಬಿಸಿ ಕುಣಿಕೆಯಲ್ಲಿ ಶೇ. 97.4.

ಉಪಕರಣದಷ್ಟೇ ಕೈಯೂ ಮುಖ್ಯ. ಅಮೆರಿಕದಲ್ಲಿ ಬಿಸಿ ಕುಣಿಕೆಯಿಂದ ನಡೆದು 2013ರಲ್ಲಿ ಪ್ರಕಟವಾದ ಕೇರ್ ಅಧ್ಯಯನದಲ್ಲಿ 5ರಿಂದ 20 ಮಿ.ಮೀ. ಪಾಲಿಪ್‌ಗಳ ಪೈಕಿ ಶೇ. 10.1 ಅಪೂರ್ಣವಾಗಿ ಹೋಗಿದ್ದವು. ವೈದ್ಯರಿಂದ ವೈದ್ಯರಿಗೆ ಈ ಪ್ರಮಾಣ ಶೇ. 6.5ರಿಂದ 22.7ರವರೆಗೆ ಬದಲಾಗಿತ್ತು. ಅಂಚು ಮಸುಕಾಗಿರುವ ಸೆರೇಟೆಡ್ ಬೆಳವಣಿಗೆಗಳಲ್ಲಂತೂ ಶೇ. 31 ಅಪೂರ್ಣ. ಹಿಂದೆ ಉಳಿದ ಚೂರು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಬೆಳೆಯಬಹುದು. ಪರೀಕ್ಷೆ ಮಾಡಿಸಿಕೊಂಡ ಮೇಲೂ ಬರುವ ಕ್ಯಾನ್ಸರ್‌ಗಳಲ್ಲಿ ಒಂದು ಪಾಲಿಗೆ ಇದೇ ಕಾರಣ.

ರಕ್ತಸ್ರಾವದಲ್ಲಿ ಯಾವುದು ಸುರಕ್ಷಿತ

ಕತ್ತರಿಸಿದ ಗಳಿಗೆಯ ರಕ್ತ ಶೀತ ಕುಣಿಕೆಯಲ್ಲಿ ತುಸು ಹೆಚ್ಚು. ಕ್ರೆಸೆಂಟ್ ಅಧ್ಯಯನದಲ್ಲಿ ಅದು ಶೇ. 7.1, ಬಿಸಿ ಕುಣಿಕೆಯಲ್ಲಿ ಶೇ. 3.5. ಆದರೆ ಆಗ ರೋಗಿ ಮೇಜಿನ ಮೇಲಿರುತ್ತಾರೆ, ಕೊಳವೆ ಒಳಗಿರುತ್ತದೆ, ವೈದ್ಯರು ನೋಡುತ್ತಿರುತ್ತಾರೆ. ನೀರು, ಒತ್ತಡ ಅಥವಾ ಒಂದು ಕ್ಲಿಪ್ ಸಾಕು. ಕಷ್ಟದ್ದು ರೋಗಿ ಊರಿಗೆ ಹೋದ ಮೇಲೆ ಬರುವ ರಕ್ತಸ್ರಾವ. ತೈವಾನಿನ ಆರು ಕೇಂದ್ರಗಳಲ್ಲಿ 4,270 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಇದನ್ನೇ ಅಳೆಯಿತು. 4ರಿಂದ 10 ಮಿ.ಮೀ. ಪಾಲಿಪ್ ತೆಗೆಸಿಕೊಂಡವರಲ್ಲಿ ತಡವಾಗಿ ರಕ್ತ ಬಂದದ್ದು ಶೀತ ಕುಣಿಕೆಯ 2,137 ಜನರಲ್ಲಿ 8 ಮಂದಿಗೆ, ಬಿಸಿ ಕುಣಿಕೆಯ 2,133 ಜನರಲ್ಲಿ 31 ಮಂದಿಗೆ. ತೀವ್ರ ರಕ್ತಸ್ರಾವ ಕ್ರಮವಾಗಿ ಒಬ್ಬರಿಗೆ ಮತ್ತು ಎಂಟು ಮಂದಿಗೆ. ಪ್ರತಿ ಪಾಲಿಪ್‌ಗೆ ಹಿಡಿದ ಸರಾಸರಿ ಸಮಯವೂ 163 ಸೆಕೆಂಡಿನಿಂದ 119ಕ್ಕೆ ಇಳಿಯಿತು.

ಕಾರಣವನ್ನು ಸೂಕ್ಷ್ಮದರ್ಶಕ ತೋರಿಸಿದೆ. ಜಪಾನಿನ ಹೊರಿಯುಚಿ ಮತ್ತು ಸಂಗಡಿಗರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದ 70 ರೋಗಿಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ 2014ರಲ್ಲಿ ವರದಿ ಮಾಡಿದರು. ಸಡಿಲ ಪದರದ ಅಪಧಮನಿಗೆ ಘಾಸಿಯಾದದ್ದು ಬಿಸಿ ಕುಣಿಕೆಯಲ್ಲಿ ಶೇ. 39, ಶೀತ ಕುಣಿಕೆಯಲ್ಲಿ ಶೇ. 22. ತಡವಾದ ರಕ್ತಸ್ರಾವ ಬಿಸಿ ಕುಣಿಕೆಯ ಗುಂಪಿನಲ್ಲಿ ಶೇ. 14, ಶೀತ ಕುಣಿಕೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕವಾಟ ಬದಲಿಸಿಕೊಂಡವರು ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ದೊಡ್ಡ ಅನುಕೂಲ. ಆಸ್ಪಿರಿನ್ ಒಂದನ್ನೇ ನುಂಗುವವರು ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗುವುದಿಲ್ಲ. ಕ್ಲೊಪಿಡೊಗ್ರೆಲ್, ವಾರ್ಫರಿನ್ ಮತ್ತು ಹೊಸ ಔಷಧಿಗಳ ವಿಷಯವನ್ನು ಹೃದ್ರೋಗ ವೈದ್ಯರೂ ಎಂಡೋಸ್ಕೋಪಿ ವೈದ್ಯರೂ ಕೂಡಿ ತೀರ್ಮಾನಿಸಬೇಕು. ರೋಗಿ ತಾನಾಗಿ ಮಾತ್ರೆ ಬಿಡಕೂಡದು.

ಕರುಳು ತೂತಾಗುವುದು ಸಣ್ಣ ಪಾಲಿಪ್‌ಗಳ ಶೀತ ಕುಣಿಕೆಯಲ್ಲಿ ಅತ್ಯಂತ ವಿರಳ.

ತುಣುಕಿನ ಪರೀಕ್ಷೆ

ಕತ್ತರಿಸಿದ ಪಾಲಿಪ್ ಅನ್ನು ಕೊಳವೆಯ ಮೂಲಕವೇ ಹೀರಿಕೊಂಡು ಜಾಲರಿಯ ಡಬ್ಬಿಯಲ್ಲಿ ಹಿಡಿಯುತ್ತಾರೆ. ಡಬ್ಬಿ ಇಲ್ಲದ ಕಡೆ ಹೀರುವ ನಳಿಕೆಯ ಜೋಡಣೆಯಲ್ಲಿ ಗಾಜ್ ಬಟ್ಟೆ ಇಟ್ಟು ಹಿಡಿಯುವುದೂ ಉಂಟು. ಜಾಗದ ಹೆಸರು ಬರೆದ ಫಾರ್ಮಲಿನ್ ಶೀಶೆಗೆ ಹಾಕಿ ಪೆಥಾಲಜಿಗೆ ಕಳಿಸುತ್ತಾರೆ. ಬೇರೆ ಬೇರೆ ಜಾಗದ ತುಣುಕುಗಳಿಗೆ ಬೇರೆ ಬೇರೆ ಶೀಶೆ ಇದ್ದರೆ, ಮುಂದೆ ಅನುಮಾನ ಬಂದಾಗ ಯಾವ ಜಾಗಕ್ಕೆ ಮರಳಬೇಕೆಂದು ತಿಳಿಯುತ್ತದೆ. ಎನ್‌ಬಿಐಯಂಥ ಬೆಳಕಿನ ನೆರವಿನಿಂದ ಖಚಿತವಾಗಿ ಗುರುತಿಸಬಲ್ಲ ತಜ್ಞರು 5 ಮಿ.ಮೀ. ಒಳಗಿನ ತುಣುಕನ್ನು ಪರೀಕ್ಷೆಗೆ ಕಳಿಸದೆ ಬಿಡಬಹುದು, ಗುದನಾಳ ಭಾಗದ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳನ್ನು ತೆಗೆಯದೇ ಇರಬಹುದು ಎಂದು ಅಮೆರಿಕದ ಎಂಡೋಸ್ಕೋಪಿ ಸಂಘ 2011ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಹೇಳಿತು. ಆ ಮಟ್ಟದ ತರಬೇತಿ ಮತ್ತು ದಾಖಲೆ ಇಲ್ಲದ ಕಡೆ ತೆಗೆದು, ಪರೀಕ್ಷೆಗೆ ಕಳಿಸುವುದೇ ಸರಿ.

ಬಾಗಲಕೋಟೆ ಜಿಲ್ಲೆಯ ಸಂದರ್ಭ

1997ರಲ್ಲಿ ವಿಜಯಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಜಿಲ್ಲಾ ಕೇಂದ್ರದಲ್ಲಿವೆ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ, 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವಿದ್ಯಾವರ್ಧಕ ಸಂಘವು 2002ರಲ್ಲಿ ಆರಂಭಿಸಿದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಹೆಚ್ಚಿನ ಚಿಕಿತ್ಸೆಗೆ ಜನ ಹುಬ್ಬಳ್ಳಿ, ವಿಜಯಪುರ, ಬೆಳಗಾವಿಗೂ, ಕ್ಯಾನ್ಸರ್ ಎಂದಾದರೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೂ ಹೋಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಲೊನೋಸ್ಕೋಪಿ ಸಾಮಾನ್ಯವಾಗಿ ನಡೆಯುವುದಿಲ್ಲ.

ವಿಧಾನದ ಆಯ್ಕೆಗೆ ಈ ದೂರ ನೇರವಾಗಿ ಸಂಬಂಧಿಸಿದೆ. ಇಳಕಲ್ಲಿನ ಮಗ್ಗದ ಮನೆಯವರೋ ಹುನಗುಂದದ ಹಳ್ಳಿಯ ರೈತರೋ ಪಾಲಿಪ್ ತೆಗೆಸಿಕೊಂಡು ಅದೇ ದಿನ ಊರಿಗೆ ಮರಳುತ್ತಾರೆ. ಎಂಟನೇ ದಿನ ರಾತ್ರಿ ರಕ್ತ ಶುರುವಾದರೆ ಹತ್ತಿರದಲ್ಲಿ ಸಿಗುವುದು ಸಲೈನ್ ಹಾಕಬಲ್ಲ ಆಸ್ಪತ್ರೆ. ರಕ್ತ ನಿಲ್ಲಿಸಬಲ್ಲ ಎಂಡೋಸ್ಕೋಪಿ ವೈದ್ಯರು ಗಂಟೆಗಟ್ಟಲೆ ದೂರ. ವಾಹನ ಹೊಂದಿಸಬೇಕು, ರಕ್ತದ ಬಾಟಲಿ ಹುಡುಕಬೇಕು, ಜೊತೆಗೆ ಬರುವವರ ದುಡಿಮೆಯೂ ತಪ್ಪುತ್ತದೆ. ಮಹಾನಗರದಲ್ಲಿ ನೂರಕ್ಕೆ ಒಬ್ಬರಿಗೆ ಬರುವ ರಕ್ತಸ್ರಾವ ಅಂಕಿಅಂಶದಲ್ಲಿ ಚಿಕ್ಕದು. ಬಾದಾಮಿಯ ಹಳ್ಳಿಯಲ್ಲಿ ಆ ಒಬ್ಬರ ಪಾಲಿಗೆ ಅದು ಜೀವದ ಪ್ರಶ್ನೆ. ರಕ್ತವನ್ನು ಮೇಜಿನ ಮೇಲೇ ತೋರಿಸಿ ಮುಗಿಸುವ, ಮನೆಗೆ ಕಳಿಸಿದ ಮೇಲೆ ಕಾಡದ ವಿಧಾನ ಇಂಥ ಸೀಮೆಗೆ ಹೆಚ್ಚು ಬೇಕು. ಶೀತ ಕುಣಿಕೆಗೆ ವಿದ್ಯುತ್ತಿನಿಂದ ಸುಡುವ ಯಂತ್ರವಾಗಲಿ ರೋಗಿಯ ಮೈಗೆ ಅಂಟಿಸುವ ಪ್ಯಾಡ್ ಆಗಲಿ ಬೇಡ ಎಂಬುದು ಇನ್ನೊಂದು ಅನುಕೂಲ.

ದೊಡ್ಡಕರುಳಿನ ಕ್ಯಾನ್ಸರಿಗೆ ನಮ್ಮಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮವಿಲ್ಲ. ಸರ್ಕಾರದ ಸಾಮಾನ್ಯ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಸೀಮಿತ. ಹೀಗಾಗಿ ಇಲ್ಲಿ ಪಾಲಿಪ್ ಸಿಗುವುದು ಬೇರೆ ಕಾರಣಕ್ಕೆ, ಬಹುತೇಕ ಮಲದಲ್ಲಿ ರಕ್ತ ಬಂತೆಂದು, ಕೊಲೊನೋಸ್ಕೋಪಿ ಮಾಡಿದಾಗ. ಆ ರಕ್ತವನ್ನು ಮೂಲವ್ಯಾಧಿ ಎಂದುಕೊಂಡು ನಾಟಿ ಔಷಧದಲ್ಲಿ ವರ್ಷ ಕಳೆಯುವವರು ಬಹಳ. ಮೂಲವ್ಯಾಧಿ ಇದ್ದವರಿಗೂ ಪಾಲಿಪ್ ಇರಬಹುದು. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ಕರುಳು ಶುದ್ಧಿ: ಈ ಸೀಮೆಯ ಊಟಕ್ಕೆ ತಕ್ಕಂತೆ

ಕರುಳು ಸ್ವಚ್ಛವಾಗಿರದಿದ್ದರೆ 4 ಮಿ.ಮೀ. ಪಾಲಿಪ್ ಕಾಣುವುದೇ ಇಲ್ಲ. ಕಾಣದಿದ್ದರೆ ಯಾವ ವಿಧಾನವೂ ಉಪಯೋಗಕ್ಕಿಲ್ಲ. ಜೋಳ, ಸಜ್ಜೆ, ಕಾಳುಪಲ್ಯ, ಹಸಿ ಸೊಪ್ಪು ಕೂಡಿದ ಇಲ್ಲಿನ ಊಟ ನಾರಿನಿಂದ ಸಮೃದ್ಧ. ನಾರು ಹೆಚ್ಚಿರುವ ಊಟ ದೊಡ್ಡಕರುಳಿಗೆ ಹಿತ. ನಿತ್ಯದಲ್ಲಿ ಅದನ್ನು ಬಿಡಬೇಕಿಲ್ಲ. ಆದರೆ ಪರೀಕ್ಷೆಗೆ ಎರಡು-ಮೂರು ದಿನ ಮೊದಲಿನಿಂದ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿ ಕಾಳು, ಬದನೆಯ ಎಣ್ಣೆಗಾಯಿ, ಪುಂಡಿ ಪಲ್ಯ, ಮೆಂತೆ ಸೊಪ್ಪುಗಳನ್ನು ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳನ್ನು ಬಿಡಬೇಕು. ಗುರೆಳ್ಳಿನ ಕಪ್ಪು ಚೂರು ಗೋಡೆಗೆ ಅಂಟಿ ಪಾಲಿಪ್ ಮರೆಮಾಡುತ್ತದೆ. ಕಾಳಿನ ಚೂರು ಹೀರುವ ನಳಿಕೆಯನ್ನು ಕಟ್ಟಿಹಾಕುತ್ತದೆ. ಬದಲಿಗೆ ಮೆತ್ತನೆಯ ಬಿಳಿ ಅನ್ನ, ತಿಳಿಸಾರು, ಇಡ್ಲಿ ಸಾಕು. ಹಿಂದಿನ ದಿನ ವೈದ್ಯರು ಹೇಳಿದಂತೆ ಎಳನೀರು, ಸಕ್ಕರೆ ನೀರು, ಹಾಲಿಲ್ಲದ ಚಹದಂಥ ತಿಳಿ ಪಾನೀಯ. ಕಬ್ಬಿಣಾಂಶದ ಮಾತ್ರೆಯನ್ನು ಸುಮಾರು ವಾರದ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮಲ ಕಪ್ಪಾಗಿ ಅಂಟಿಕೊಳ್ಳುತ್ತದೆ. ಭೇದಿ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಯ ದಿನ ಬೆಳಿಗ್ಗೆ ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗುತ್ತದೆ. ದೂರದಿಂದ ಬರುವವರು ದಾರಿಯಲ್ಲಿ ಬಸ್ಸಿನ ತೊಂದರೆ ತಪ್ಪಿಸಲು ಹಿಂದಿನ ದಿನವೇ ಆಸ್ಪತ್ರೆ ಇರುವ ಊರು ಸೇರುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರು ಇನ್ಸುಲಿನ್ ಮತ್ತು ಮಾತ್ರೆಯ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು.

ಮನೆಗೆ ಹೋದ ಮೇಲೆ

ಮೊದಲೆರಡು ಸಲ ಮಲದಲ್ಲಿ ರಕ್ತದ ಗೆರೆ ಕಂಡರೆ ಭಯವಿಲ್ಲ. ರಕ್ತ ಹೆಪ್ಪುಹೆಪ್ಪಾಗಿ ಬಂದರೆ, ಮತ್ತೆ ಮತ್ತೆ ಬಂದರೆ, ತಲೆ ತಿರುಗಿ ಬೆವರಿದರೆ, ಹೊಟ್ಟೆ ಕಲ್ಲಿನಂತಾಗಿ ನೋವು ಅಥವಾ ಜ್ವರ ಬಂದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಬೇಕು. ಎಷ್ಟು ಪಾಲಿಪ್ ತೆಗೆದರು, ಎಲ್ಲಿಂದ, ಯಾವ ವಿಧಾನದಿಂದ, ಒಂದೇ ತುಂಡಾಗಿ ಬಂತೋ ಇಲ್ಲವೋ ಎಂಬುದೆಲ್ಲ ಬರೆದಿರುವ ವರದಿಯನ್ನು ಜೊತೆಗೆ ಒಯ್ಯಬೇಕು.

ಮರುಪರೀಕ್ಷೆ

ಅಮೆರಿಕದ ಕಾರ್ಯಪಡೆಯ 2020ರ ಸಲಹೆಯಂತೆ, 10 ಮಿ.ಮೀ.ಗಿಂತ ಸಣ್ಣ ಸಾಧಾರಣ ಅಡಿನೋಮ ಒಂದೆರಡು ಇದ್ದರೆ 7ರಿಂದ 10 ವರ್ಷಕ್ಕೆ, ಮೂರು-ನಾಲ್ಕು ಇದ್ದರೆ 3ರಿಂದ 5 ವರ್ಷಕ್ಕೆ, ಐದರಿಂದ ಹತ್ತು ಇದ್ದರೆ 3 ವರ್ಷಕ್ಕೆ ಮರುಪರೀಕ್ಷೆ. ಯುರೋಪಿನ 2020ರ ಮಾರ್ಗಸೂಚಿ ನಾಲ್ಕರವರೆಗಿನ ಇಂಥ ಸಣ್ಣ ಅಡಿನೋಮಗಳಿಗೆ ವಿಶೇಷ ಮರುಪರೀಕ್ಷೆಯೇ ಬೇಡವೆನ್ನುತ್ತದೆ. ಈ ಅಂತರಗಳು ಕರುಳು ಸ್ವಚ್ಛವಾಗಿತ್ತು, ಪಾಲಿಪ್ ಪೂರ್ತಿ ಹೋಗಿದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಈ ಕ್ಯಾನ್ಸರ್ ಬಂದವರಿದ್ದರೆ ಲೆಕ್ಕ ಬೇರೆ.

ನಿರ್ಣಯ

ಲಭ್ಯವಿರುವ ಸಾಕ್ಷ್ಯ ಒಂದೇ ದಿಕ್ಕಿಗೆ ಬೆರಳು ತೋರುತ್ತದೆ. ದಪ್ಪ ತೊಟ್ಟಿಲ್ಲದ, ಕ್ಯಾನ್ಸರಿನ ಅನುಮಾನವಿಲ್ಲದ, 10 ಮಿ.ಮೀ. ಒಳಗಿನ ಪಾಲಿಪ್‌ಗೆ ಶೀತ ಕುಣಿಕೆಯೇ ಮೊದಲ ಆಯ್ಕೆ. 3 ಮಿ.ಮೀ. ಒಳಗಿನದಕ್ಕೆ, ಕುಣಿಕೆ ಹಾಕಲಾಗದ ಕಡೆ, ಚಿಮುಟ ಆದೀತು. ಬಿಸಿ ಕುಣಿಕೆಯನ್ನು ದಪ್ಪ ತೊಟ್ಟಿನ ಮತ್ತು ದೊಡ್ಡ ಪಾಲಿಪ್‌ಗಳಿಗೆ ಮೀಸಲಿಡಬೇಕು. ಬಿಸಿ ಚಿಮುಟವನ್ನು ಕೈಬಿಡಬೇಕು. ಶೀತ ಕುಣಿಕೆಗೆ ದುಬಾರಿ ಯಂತ್ರ ಬೇಕಿಲ್ಲ, ಬೇಕಿರುವುದು ತೆಳು ತಂತಿಯ ಕುಣಿಕೆ, ಸುತ್ತಲಿನ ಅಂಚನ್ನು ಬಿಡದೆ ಹಿಡಿಯುವ ಕೈ ಮತ್ತು ಅದನ್ನು ಕಲಿಸುವ ಶಿಕ್ಷಕರು. ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜುಗಳು ತಮ್ಮಲ್ಲಿ ಕೊಲೊನೋಸ್ಕೋಪಿ ಕಲಿಯುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ಪಾಠವಾಗಿ ಹೇಳಿಕೊಡಬೇಕು. ಮಲದಲ್ಲಿ ರಕ್ತ ಕಂಡ ಓದುಗರು ಅದನ್ನು ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸದೆ ಒಮ್ಮೆ ವೈದ್ಯರಿಗೆ ತೋರಿಸಬೇಕು.